ಗಂಗಾಮೂಲದ ಒಂದು ಮನೆ: ಹೆಂಡತಿಗೆ ಸಂಸ್ಕೃತ ಕಲಿಸಿದ ಶಾಸ್ತ್ರಿಯ ಪ್ರಕರಣ

ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಹೇಳಿಕೊಡುವ ನಮಗೆಲ್ಲ ಒಂದು ಪ್ರಶ್ನೆ ಬಾಯಿಪಾಠ ಆಗಿರುತ್ತದೆ. ಹಿಂದೂ ಸಮಾಜದಲ್ಲಿ ಧಾರ್ಮಿಕ ಮತ್ತು ಸಾಮಾಜಿಕ ಸುಧಾರಣಾ ಚಳವಳಿಗಳು ಹುಟ್ಟಲು ಕಾರಣಗಳೇನು? ಉತ್ತರವೂ ಬಾಯಿಪಾಠ. ಇಂಗ್ಲಿಷ್ ಶಿಕ್ಷಣ, ಮಿಷನರಿಗಳ ಟೀಕೆ, ಮುದ್ರಣ ಯಂತ್ರ, ಸತಿ, ಬಾಲ್ಯವಿವಾಹ, ಅಸ್ಪೃಶ್ಯತೆ. ಮಕ್ಕಳು ಬರೆಯುತ್ತಾರೆ, ನಾವು ಅಂಕ ಕೊಡುತ್ತೇವೆ.

ನಾನು ಕಳಸದ ಕಡೆಯ ಒಂದು ಶಾಲೆಯಲ್ಲಿ ಟೀಚರ್. ಹೋದ ವರ್ಷ ಈ ಪಾಠ ಮುಗಿಸುವಾಗ ಒಬ್ಬ ಹುಡುಗಿ ಎದ್ದು ನಿಂತಳು. “ಮೇಡಂ, ಇವರೆಲ್ಲ ಬಂಗಾಳದವರು, ಪುಣೆಯವರು. ನಮ್ಮ ಕಡೆ ಯಾರಿಗೂ ಹೀಗೆ ಅನ್ನಿಸಲೇ ಇಲ್ವಾ?” ಬಸವಣ್ಣನವರ ಹೆಸರು ಹೇಳಿದೆ. ಅವಳು ತಲೆ ಅಲ್ಲಾಡಿಸಿದಳು. “ಅದು ಗೊತ್ತು ಮೇಡಂ. ಇಲ್ಲೇ, ನಮ್ಮ ಘಟ್ಟದ ಮೇಲೆ?”

ಆಗ ನನಗೆ ಗಂಗಾಮೂಲ ನೆನಪಾಯಿತು. ನಮ್ಮ ಮಕ್ಕಳು ಕಾರ್ಕಳದ ನೆಂಟರ ಮನೆಗೆ ಹೋಗುವಾಗ ಬಸ್ಸಿನ ಕಿಟಕಿಯಿಂದ ನೋಡುವ ಕಾಡು ಅದು. ವರಾಹ ಪರ್ವತದ ಮಗ್ಗುಲು. ತುಂಗೆ, ಭದ್ರೆ, ನೇತ್ರಾವತಿ ಮೂರೂ ಹುಟ್ಟುವ ಜಾಗ ಅಂತ ನಾವೆಲ್ಲ ಕೇಳಿಕೊಂಡು ಬೆಳೆದಿದ್ದೇವೆ. ಈಗ ಅದು ಕುದುರೆಮುಖ ರಾಷ್ಟ್ರೀಯ ಉದ್ಯಾನದ ಒಳಗಿದೆ. 1858ರ ಏಪ್ರಿಲ್‌ನಲ್ಲಿ ಆ ಕಾಡಿನ ಒಂದು ಮನೆಯಲ್ಲಿ ಹೆಣ್ಣು ಮಗು ಹುಟ್ಟಿತು. ಮುಂದೆ ಪಂಡಿತಾ ರಮಾಬಾಯಿ ಎಂದು ಹೆಸರಾದವರು ಅವರೇ.

ರಮಾಬಾಯಿಯವರ ಬದುಕಿನ ಬಗ್ಗೆ ಬೇಕಾದಷ್ಟು ಬರಹ ಇದೆ. ನನಗೆ ಕಾಡುವುದು ಅದಕ್ಕೂ ಹಿಂದಿನ ಸಂಗತಿ. ಅವರ ಅಪ್ಪ ಅನಂತ ಶಾಸ್ತ್ರಿ ಡೋಂಗ್ರೆ. ಅಷ್ಟು ಓದಿದ ಒಬ್ಬ ಶಾಸ್ತ್ರಿ ತನ್ನ ಎಳೆಯ ಹೆಂಡತಿಯನ್ನು ಕರೆದುಕೊಂಡು ಹುಲಿ ಇರುವ ಕಾಡಿಗೆ ಯಾಕೆ ಹೋದರು? ಸುಧಾರಣೆ ಎನ್ನುವುದು ಎಲ್ಲಿಂದ ಶುರುವಾಗುತ್ತದೆ, ಎಲ್ಲಿ ನಿಂತುಬಿಡುತ್ತದೆ ಎಂಬುದು ಈ ಒಂದು ಮನೆಯಲ್ಲಿ ಚೆನ್ನಾಗಿ ಕಾಣುತ್ತದೆ. ದೊಡ್ಡ ಸಂಘಗಳ ಚರಿತ್ರೆಯಲ್ಲಿ ಅದು ಹೀಗೆ ಬಿಡಿಸಿ ಕಾಣುವುದಿಲ್ಲ.

ನಡೆದದ್ದು ಏನು

ಅನಂತ ಶಾಸ್ತ್ರಿ ಡೋಂಗ್ರೆ ಘಟ್ಟದ ಕೆಳಗಿನವರು, ಕಾರ್ಕಳದ ಮಾಳದ ಕಡೆಯ ಚಿತ್ಪಾವನ ಬ್ರಾಹ್ಮಣರು. ಹುಡುಗನಾಗಿದ್ದಾಗ ಓದಿನ ಆಸೆಗೆ ಪುಣೆಗೆ ಹೋದರು. ಅಲ್ಲಿ ಅವರ ಗುರು ರಾಮಚಂದ್ರ ಶಾಸ್ತ್ರಿಗಳು ಪೇಶ್ವೆ ಎರಡನೇ ಬಾಜಿರಾಯನ ಅರಮನೆಗೆ ಪಾಠ ಹೇಳಲು ಹೋಗುತ್ತಿದ್ದರು. ಪಾಠ ಕೇಳುತ್ತಿದ್ದವರು ಪೇಶ್ವೆಯ ಹೆಂಡತಿ. ಒಬ್ಬ ಹೆಂಗಸು ಸಂಸ್ಕೃತ ಶ್ಲೋಕಗಳನ್ನು ಸಲೀಸಾಗಿ ಹೇಳುವುದು ಆ ಹುಡುಗನಿಗೆ ಆಶ್ಚರ್ಯವಾಗಿ ಕಂಡಿತು. ನನ್ನ ಹೆಂಡತಿಗೂ ಹೀಗೇ ಕಲಿಸುತ್ತೇನೆ ಎಂದು ಆಗಲೇ ಮನಸ್ಸು ಮಾಡಿದರು.

ಊರಿಗೆ ಬಂದು ಮೊದಲ ಹೆಂಡತಿಗೆ ಪಾಠ ಹೇಳಲು ಹೊರಟರು. ಮನೆಯ ಹಿರಿಯರು ಒಪ್ಪಲಿಲ್ಲ. ಹೆಣ್ಣಿಗೆ ಓದು ಬಂದರೆ ಮನೆಗೆ ಕೇಡು ಎಂದು ಜನ ನಂಬಿದ್ದ ಕಾಲ. ಪ್ರಯತ್ನ ಅಲ್ಲಿಗೇ ನಿಂತಿತು. ಆ ಹೆಂಡತಿ ತೀರಿಕೊಂಡರು.

ಎಷ್ಟೋ ವರ್ಷ ಆದ ಮೇಲೆ ಶಾಸ್ತ್ರಿಗಳು ಯಾತ್ರೆಗೆ ಹೋಗಿದ್ದಾಗ ಗೋದಾವರಿಯ ದಡದಲ್ಲಿ ಇನ್ನೊಂದು ಯಾತ್ರಿಕರ ಕುಟುಂಬ ಸಿಕ್ಕಿತು. ಸ್ನಾನಕ್ಕೆ ಬಂದವರ ನಡುವೆ ಕುಲಗೋತ್ರದ ವಿಚಾರಣೆ ಆಯಿತು. ಮರುದಿನವೇ ಒಂಬತ್ತು ವರ್ಷದ ಹುಡುಗಿಯನ್ನು ಇವರಿಗೆ ಧಾರೆ ಎರೆದು ಕೊಟ್ಟು ಆ ಕುಟುಂಬ ಮುಂದೆ ಹೊರಟುಹೋಯಿತು. ಆ ಹುಡುಗಿಯೇ ಲಕ್ಷ್ಮೀಬಾಯಿ.

ಇದನ್ನು ಬರೆಯುವಾಗ ನನಗೆ ಸಂಕಟ ಆಗುತ್ತದೆ. ನಮ್ಮ ಐದನೇ ಕ್ಲಾಸಿನ ಮಕ್ಕಳಿಗಿಂತ ಚಿಕ್ಕವಳು. ಗುರುತು ಪರಿಚಯ ಇಲ್ಲದ, ವಯಸ್ಸಿನಲ್ಲಿ ಅಪ್ಪನಷ್ಟು ದೊಡ್ಡವರ ಹಿಂದೆ ಅಷ್ಟು ದೂರ ಬಂದಳು. ಸ್ತ್ರೀಶಿಕ್ಷಣಕ್ಕಾಗಿ ಊರನ್ನೇ ಎದುರು ಹಾಕಿಕೊಂಡ ಮನುಷ್ಯನಿಗೆ ಈ ಮದುವೆಯಲ್ಲಿ ತಪ್ಪು ಕಾಣಲಿಲ್ಲ. ಇದನ್ನು ಮುಚ್ಚಿಟ್ಟು ಅವರನ್ನು ಹೊಗಳಲು ನನ್ನಿಂದ ಆಗುವುದಿಲ್ಲ. ಆ ಕಾಲದ ಸುಧಾರಕರಲ್ಲಿ ಹೆಚ್ಚಿನವರು ಹೀಗೇ. ಒಂದು ಗಂಟು ಬಿಚ್ಚುವ ಕೈಗೆ ಪಕ್ಕದ ಗಂಟು ಕಾಣುತ್ತಿರಲಿಲ್ಲ.

ಈ ಸಲ ಅವರು ಪಾಠ ಬಿಡಲಿಲ್ಲ. ಮನೆಯಲ್ಲಿ ಜಗಳ, ಊರಿನಲ್ಲಿ ಮಾತು. ಉಡುಪಿಯಲ್ಲಿ ಪಂಡಿತರ ಮುಂದೆ ನಿಂತು ಉತ್ತರ ಹೇಳಬೇಕಾಯಿತು. ಅವರು ಹೇಳಿದ್ದು ಇಷ್ಟು: ವೇದವನ್ನು ಬಿಟ್ಟು ಉಳಿದ ಸಂಸ್ಕೃತದ ಓದು ಹೆಂಗಸರಿಗೆ ನಿಷಿದ್ಧ ಅಲ್ಲ, ಇಗೋ ಆಧಾರ. ಶಾಸ್ತ್ರಗಳಿಂದಲೇ ಒಂದೊಂದಾಗಿ ವಾಕ್ಯಗಳನ್ನು ಹೆಕ್ಕಿ ಇಟ್ಟುಕೊಂಡಿದ್ದರು. ಆದರೆ ವಾದ ಮಾಡಿದ ಮಾತ್ರಕ್ಕೆ ಪಾಠ ಹೇಳಲು ಮನೆಯಲ್ಲಿ ನೆಮ್ಮದಿ ಸಿಗುತ್ತದಾ? ಕೊನೆಗೆ ಘಟ್ಟ ಹತ್ತಿ ಗಂಗಾಮೂಲಕ್ಕೆ ಹೋದರು.

ಮೊದಲ ರಾತ್ರಿ ತಲೆಯ ಮೇಲೆ ಸೂರು ಇರಲಿಲ್ಲ. ಕಣಿವೆಯ ಆಚೆ ಬದಿಯಲ್ಲಿ ಹುಲಿ ಕೂಗುತ್ತಿತ್ತು. ಲಕ್ಷ್ಮೀಬಾಯಿ ಕೌದಿ ಸುತ್ತಿಕೊಂಡು ನೆಲದ ಮೇಲೆ ನಡುಗುತ್ತಾ ಮಲಗಿದ್ದರು. ಶಾಸ್ತ್ರಿಗಳು ಬೆಳಗಿನವರೆಗೆ ಕಾವಲು ಕೂತಿದ್ದರು. ನಮ್ಮ ಮಲೆನಾಡಿನ ಮಕ್ಕಳಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಕತ್ತಲಾದ ಮೇಲೆ ತೋಟದ ಮನೆಗೆ ಹೋಗುವ ಹೆದರಿಕೆ ಅವರಿಗೆ ಗೊತ್ತು.

ನಿಧಾನವಾಗಿ ಮನೆ ಎದ್ದಿತು. ಶಿಷ್ಯರು ಬಂದರು. ಲಕ್ಷ್ಮೀಬಾಯಿ ಎಷ್ಟು ಚೆನ್ನಾಗಿ ಕಲಿತರೆಂದರೆ ಗಂಡ ಊರಿನಲ್ಲಿ ಇಲ್ಲದಾಗ ಆ ಹುಡುಗರಿಗೆ ಅವರೇ ಪಾಠ ಹೇಳುತ್ತಿದ್ದರು. ಒಂದು ಗಳಿಗೆ ಯೋಚಿಸಿ ನೋಡಿ. 1850ರ ಆಸುಪಾಸು. ಕುದುರೆಮುಖದ ಕಾಡು. ಜುಟ್ಟು ಬಿಟ್ಟ ಹುಡುಗರು ಸಾಲಾಗಿ ಕೂತಿದ್ದಾರೆ. ಸಂಸ್ಕೃತ ಹೇಳಿಕೊಡುತ್ತಿರುವುದು ಒಬ್ಬ ಹೆಂಗಸು.

ಇದು ಜಾಸ್ತಿ ದಿನ ನಡೆಯಲಿಲ್ಲ. ಗಂಗಾಮೂಲ ತೀರ್ಥಸ್ಥಳ. ಯಾತ್ರಿಕರು ಬರುತ್ತಲೇ ಇದ್ದರು. ಬಂದವರಿಗೆಲ್ಲ ಊಟ, ಶಿಷ್ಯರಿಗೂ ಊಟ, ಯಾರಿಂದಲೂ ಕಾಸಿಲ್ಲ. ಇದ್ದ ಆಸ್ತಿ ಕರಗಿತು, ಸಾಲ ಬೆಳೆಯಿತು. ರಮಾಬಾಯಿ ಆರು ತಿಂಗಳ ಕೂಸಾಗಿದ್ದಾಗ ಕುಟುಂಬ ಕಾಡು ಬಿಟ್ಟು ಇಳಿಯಿತು. ಕೂಸನ್ನು ಬೆತ್ತದ ಬುಟ್ಟಿಯಲ್ಲಿ ಮಲಗಿಸಿ ಆಳಿನ ತಲೆಯ ಮೇಲೆ ಹೊರಿಸಿಕೊಂಡು ಬಂದರು. ಆಮೇಲೆ ಅವರದು ಊರೂರು ತಿರುಗಿ ಪುರಾಣ ಹೇಳುವ ಬದುಕು.

ಪಠ್ಯದ ಕಾರಣಗಳನ್ನು ಇಲ್ಲಿ ಇಟ್ಟು ನೋಡಿದರೆ

ಇಂಗ್ಲಿಷ್ ಶಿಕ್ಷಣ ಈ ಮನೆಯಲ್ಲಿ ಇರಲೇ ಇಲ್ಲ. ಮಕ್ಕಳಿಗೆ ಅದರ ಗಾಳಿ ತಾಗಬಾರದು ಎಂದೇ ಶಾಸ್ತ್ರಿಗಳು ಎಚ್ಚರ ವಹಿಸಿದ್ದರು. ಮಿಷನರಿಗಳು ಹತ್ತಿರದಲ್ಲೇ ಇದ್ದರು, ನಿಜ. ಬಾಸೆಲ್ ಮಿಷನ್ 1834ರಲ್ಲಿ ಮಂಗಳೂರಿಗೆ ಬಂತು, 1843ರಲ್ಲಿ ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ ಅಲ್ಲಿಂದಲೇ ಹೊರಟಿತು. ಆದರೆ ಶಾಸ್ತ್ರಿಗಳ ಮನಸ್ಸಿನಲ್ಲಿ ಬೀಜ ಬಿದ್ದದ್ದು ಅದಕ್ಕಿಂತ ಬಹಳ ಮೊದಲು. ಪೇಶ್ವೆಯ ಆಳ್ವಿಕೆ ಮುಗಿದದ್ದು 1818ರಲ್ಲಿ. ಅದಕ್ಕೂ ಮುಂಚಿನ ಪುಣೆಯಲ್ಲಿ ಅವರು ಆ ಪಾಠ ಕಂಡಿದ್ದರು. ರಾಜಾ ರಾಮಮೋಹನ ರಾಯರು ಸತಿಯ ವಿರುದ್ಧ ಮೊದಲ ಕಿರುಪುಸ್ತಕ ಹೊರತಂದದ್ದು 1818ರಲ್ಲಿ. ಬ್ರಹ್ಮ ಸಮಾಜ ಹುಟ್ಟಿದ್ದು 1828ರಲ್ಲಿ, ಸತಿ ನಿಷೇಧವಾದದ್ದು 1829ರಲ್ಲಿ.

ಹಾಗಾದರೆ ಇಲ್ಲಿ ಕಾರಣ ಯಾವುದು? ನನ್ನ ಮಟ್ಟಿಗೆ ಎಲ್ಲಕ್ಕಿಂತ ಮೊದಲ ಕಾರಣ ಒಂದು ನೋಟ. ಆಗುವುದೇ ಇಲ್ಲ ಎಂದು ಎಲ್ಲರೂ ಹೇಳುವ ಕೆಲಸ ಒಂದು ಕಡೆ ಆರಾಮಾಗಿ ನಡೆಯುತ್ತಿರುವುದನ್ನು ಕಣ್ಣಾರೆ ಕಂಡದ್ದು. ಪೇಶ್ವೆಯ ಹೆಂಡತಿ ಓದಿದ್ದಕ್ಕೆ ಆಕಾಶ ಕಳಚಿ ಬಿದ್ದಿರಲಿಲ್ಲ.

ಈ ಮಾತನ್ನು ನಾನು ಇಷ್ಟು ಒತ್ತಿ ಹೇಳುವುದಕ್ಕೆ ನಮ್ಮ ಮನೆಯದೇ ಒಂದು ನೆನಪು ಕಾರಣ. ನಮ್ಮ ಅಜ್ಜಿಯ ದೊಡ್ಡಮ್ಮ ಬಾಲವಿಧವೆ. ತಲೆ ಬೋಳಿಸಿ, ಕೆಂಪು ಸೀರೆ ಉಡಿಸಿ, ಮಡಿ ಅಡುಗೆಗೆ ಹಚ್ಚಿದ್ದರು. ಮನೆಯಲ್ಲಿ ಎಲ್ಲರಿಗೂ ಅವರ ಮೇಲೆ ಪ್ರೀತಿ. ನಾಪಿತ ಬರುವ ದಿನ ನಮ್ಮ ಮುತ್ತಜ್ಜ ಬೇಕಂತಲೇ ತೋಟಕ್ಕೆ ಹೋಗಿಬಿಡುತ್ತಿದ್ದರಂತೆ, ನೋಡಲಾಗದೆ. ಆದರೂ ಎಷ್ಟೋ ವರ್ಷ ನಾಪಿತ ಬರುತ್ತಲೇ ಇದ್ದ. ಅದು ನಿಂತದ್ದು ಮುತ್ತಜ್ಜ ಶೃಂಗೇರಿ ಕಡೆಯ ನೆಂಟರ ಮನೆಗೆ ಹೋಗಿ ಬಂದ ಮೇಲೆ. ಅಲ್ಲಿ ಒಬ್ಬ ವಿಧವೆ ಕೂದಲು ಬಿಟ್ಟುಕೊಂಡೇ ಮಡಿಯಲ್ಲಿ ಅಡುಗೆ ಮಾಡುತ್ತಿದ್ದರು. ಬಂದ ವೈದಿಕರು ಸುಮ್ನೆ ಊಟ ಮಾಡಿ ಎದ್ದರು. ಮುತ್ತಜ್ಜ ಮನೆಗೆ ಬಂದವರೇ “ಇನ್ನು ಅವನು ಬರುವುದು ಬೇಡ” ಎಂದರಂತೆ. ನೋವು ಮೊದಲಿನಿಂದಲೂ ಇತ್ತು. ಇರದೇ ಇದ್ದದ್ದು ಬೇರೆ ಥರ ಬದುಕಬಹುದು ಎಂಬ ಕಣ್ಣ ಮುಂದಿನ ಸಾಕ್ಷಿ.

ಅನಿಷ್ಟ ಪದ್ಧತಿಗಳು ಇದ್ದವು, ಆದ್ದರಿಂದ ಸುಧಾರಣೆ ಬಂತು ಎಂದು ಬರೆಸುತ್ತೇವಲ್ಲ, ಅದು ಪೂರ್ತಿ ಉತ್ತರ ಆಗುವುದಿಲ್ಲ. ಪದ್ಧತಿಗಳು ನೂರಾರು ವರ್ಷದಿಂದ ಇದ್ದವು.

ಇನ್ನೊಂದು ಕಾರಣ ಶಾಸ್ತ್ರಿಗಳ ಕೈಯಲ್ಲೇ ಇತ್ತು: ಅವರ ವಿದ್ಯೆ. ರೂಢಿ ಬೇರೆ, ಶಾಸ್ತ್ರ ಬೇರೆ ಎಂದು ತೋರಿಸುವ ತಾಕತ್ತು. ಊರಿನವರು ನಡೆಸಿಕೊಂಡು ಬಂದದ್ದೆಲ್ಲ ಗ್ರಂಥದಲ್ಲಿ ಇರುವುದಿಲ್ಲ. ಈ ಸಂದಿನಲ್ಲೇ ಆ ಕಾಲದ ಬಹಳ ಸುಧಾರಕರು ಒಳಗೆ ಹೊಕ್ಕರು. ಈಶ್ವರಚಂದ್ರ ವಿದ್ಯಾಸಾಗರರು ಪರಾಶರ ಸ್ಮೃತಿಯ ಶ್ಲೋಕ ಹಿಡಿದು ವಿಧವಾ ವಿವಾಹಕ್ಕೆ ವಾದಿಸಿದರು, 1856ರಲ್ಲಿ ಕಾನೂನು ಬಂತು. ದಯಾನಂದ ಸರಸ್ವತಿಯವರು ವೇದಕ್ಕೆ ಮರಳಿ ಎಂದರು, 1875ರಲ್ಲಿ ಆರ್ಯ ಸಮಾಜ ಕಟ್ಟಿದರು. ಜ್ಯೋತಿಬಾ ಫುಲೆಯವರಿಗೆ ಈ ದಾರಿ ಇರಲಿಲ್ಲ. ಅವರ ಜನಕ್ಕೆ ಆ ಗ್ರಂಥಗಳ ಹತ್ತಿರ ಸುಳಿಯಲೂ ಬಿಟ್ಟಿರಲಿಲ್ಲ, ಹಾಗಾಗಿ ಅವರು ಶಾಸ್ತ್ರದ ಅಪ್ಪಣೆಗೆ ಕಾಯಲಿಲ್ಲ. ಯಾರು ಎಲ್ಲಿ ನಿಂತು ಮಾತಾಡುತ್ತಿದ್ದಾರೆ ಎಂಬುದರ ಮೇಲೆ ಸುಧಾರಣೆಯ ಭಾಷೆಯೂ ಬದಲಾಗುತ್ತದೆ, ಅಲ್ವಾ?

ಮೂರನೆಯದು ಸ್ವಂತ ಮಗಳ ಕಷ್ಟ. ದೊಡ್ಡ ಮಗಳು ಕೃಷ್ಣಾಬಾಯಿಗೆ ಚಿಕ್ಕಂದಿನಲ್ಲೇ ಮದುವೆ ಮಾಡಿದರು. ಅಳಿಯನನ್ನು ಜೊತೆಯಲ್ಲೇ ಇಟ್ಟುಕೊಂಡು ಓದಿಸಬೇಕು ಎಂಬ ಆಸೆ ಇತ್ತು. ಅವನಿಗೆ ಓದು ಬೇಡವಾಯಿತು. ಆ ಮದುವೆ ಬಾಳಲಿಲ್ಲ. ಅದನ್ನು ನೋಡಿದ ಮೇಲೆ ಅಪ್ಪ ಅಮ್ಮ ಚಿಕ್ಕ ಮಗಳು ರಮಾಗೆ ಬೇಗ ಮದುವೆ ಮಾಡಲಿಲ್ಲ. ಗೋದಾವರಿಯ ದಡದಲ್ಲಿ ಕಾಣದ ತಪ್ಪು ತಮ್ಮ ಮನೆಯ ಅಂಗಳದಲ್ಲಿ ಕಂಡಿತು.

ಒಂದು ಮನೆಯಲ್ಲೇ ಯಾಕೆ ನಿಂತಿತು

1848ರಲ್ಲಿ ಪುಣೆಯಲ್ಲಿ ಫುಲೆ ದಂಪತಿ ಹೆಣ್ಣುಮಕ್ಕಳ ಶಾಲೆ ತೆರೆದರು. 1849ರಲ್ಲಿ ಕೋಲ್ಕತ್ತದಲ್ಲಿ ಬೆಥೂನ್ ಶಾಲೆ ಬಂತು. ಹೆಚ್ಚುಕಡಿಮೆ ಅದೇ ಕಾಲಕ್ಕೆ ಗಂಗಾಮೂಲದಲ್ಲಿ ಲಕ್ಷ್ಮೀಬಾಯಿ ಪಾಠ ಹೇಳುತ್ತಿದ್ದರು. ಆ ಎರಡು ಶಾಲೆಗಳು ಚಳವಳಿಯಾಗಿ ಬೆಳೆದವು, ಇದು ಬೆಳೆಯಲಿಲ್ಲ. ಸಾವಿತ್ರಿಬಾಯಿಯವರ ಮೇಲೆ ಸೆಗಣಿ ಎರಚಿದರು ನಿಜ, ಆದರೆ ಅವರ ಜೊತೆ ಫಾತಿಮಾ ಶೇಖ್ ಇದ್ದರು, ಸ್ನೇಹಿತರಿದ್ದರು, ಕಾಸು ಕೊಡುವವರಿದ್ದರು, ಅಕ್ಕಪಕ್ಕದಿಂದ ಬರುವ ಮಕ್ಕಳಿದ್ದರು. ಅನಂತ ಶಾಸ್ತ್ರಿಗಳಿಗೆ ಕಾಡು ಇತ್ತು. ಅಲ್ಲಿ ಬೈಯುವವರು ಇರಲಿಲ್ಲ, ಜೊತೆ ಕೊಡುವವರೂ ಇರಲಿಲ್ಲ.

ಅವರ ಮಿತಿಯೂ ಅಡ್ಡ ಬಂತು. ಜಾತಿಯ ಕಟ್ಟುಪಾಡನ್ನು ಅವರು ಸಡಿಲಿಸಲಿಲ್ಲ. ಮಕ್ಕಳಿಗೆ ಪುರಾಣ, ವ್ಯಾಕರಣ ಬಿಟ್ಟು ಹೊಟ್ಟೆ ಹೊರೆಯುವ ಇನ್ನೊಂದು ಕೆಲಸ ಕಲಿಸಲಿಲ್ಲ. 1870ರ ದಶಕದ ಬರ ಬಂದಾಗ ಅದು ಜೀವಕ್ಕೇ ಮುಳುವಾಯಿತು. ಆ ದಶಕದ ದೊಡ್ಡ ಕ್ಷಾಮವನ್ನು ಹಳೇ ಮೈಸೂರಿನ ಹಿರಿಯರು ಧಾತು ವರ್ಷದ ಬರ ಎಂದು ಕರೆಯುತ್ತಿದ್ದರು. ಕೂಲಿ ಮಾಡಲು ಬರದು, ಬೇಡಲು ಮನಸ್ಸಿಲ್ಲ. ಅಪ್ಪ ಹೋದರು. ಸ್ವಲ್ಪ ತಿಂಗಳಲ್ಲಿ ಅಮ್ಮನೂ ಹೋದರು. ಲಕ್ಷ್ಮೀಬಾಯಿಯ ಚಟ್ಟಕ್ಕೆ ಹೆಗಲು ಕೊಡಲು ನಾಲ್ಕು ಜನ ಸಿಗಲಿಲ್ಲ. ಅಣ್ಣ ಶ್ರೀನಿವಾಸ ಮತ್ತು ಇನ್ನಿಬ್ಬರು. ನಾಲ್ಕನೆಯವರಾಗಿ ರಮಾಬಾಯಿ ನಿಂತರು. ಎತ್ತರ ಸಾಲದೆ ಚಟ್ಟದ ತುದಿಯನ್ನು ತಲೆಯ ಮೇಲೆ ಹೊತ್ತು ನಡೆದರು. ಹುಲಿ ಕೂಗುವ ಕಾಡಿನಲ್ಲಿ ಕೂತು ಕಲಿತ ಹೆಂಗಸಿನ ಕೊನೆಯ ದಾರಿ ಹೀಗಿತ್ತು. ಈ ಭಾಗ ಓದಿ ಹೇಳುವಾಗ ಕ್ಲಾಸಿನಲ್ಲಿ ನನ್ನ ಗಂಟಲು ಕಟ್ಟಿತು. ಮಕ್ಕಳು ಸದ್ದಿಲ್ಲದೆ ಕೂತಿದ್ದರು.

ಆದರೆ ಸಾಯುವ ಮೊದಲು ಲಕ್ಷ್ಮೀಬಾಯಿ ತಮ್ಮ ಕೆಲಸ ಮುಗಿಸಿದ್ದರು. ರಮಾಬಾಯಿಗೆ ಓದುವ ವಯಸ್ಸು ಬಂದಾಗ ಶಾಸ್ತ್ರಿಗಳು ಮುದುಕರಾಗಿದ್ದರು. ಮಗಳಿಗೆ ಪಾಠ ಹೇಳಿದ್ದು ಅಮ್ಮ. ಹಗಲಿಡೀ ಮನೆಕೆಲಸ, ಯಾತ್ರೆ. ಬಿಡುವು ಸಿಗುತ್ತಿದ್ದದ್ದು ಬೆಳಗಿನ ಜಾವ ಮಾತ್ರ. ನಿದ್ದೆಗಣ್ಣಿನ ಮಗುವನ್ನು ಮುದ್ದು ಮಾಡಿ ಎಬ್ಬಿಸಿ, ಶ್ಲೋಕ ಹೇಳಿಸುತ್ತಿದ್ದರು. ಹನ್ನೆರಡು ವರ್ಷಕ್ಕೆಲ್ಲ ಆ ಹುಡುಗಿಗೆ ಭಾಗವತದ 18,000 ಶ್ಲೋಕಗಳು ಬಾಯಿಗೆ ಬರುತ್ತಿದ್ದವು.

ಮಗಳ ಕಾಲದಲ್ಲಿ

1878ರಲ್ಲಿ ಅಣ್ಣ ತಂಗಿ ಕೋಲ್ಕತ್ತ ಮುಟ್ಟಿದರು. ಅಲ್ಲಿಯ ವಿದ್ವಾಂಸರು ರಮಾಬಾಯಿಯವರ ಸಂಸ್ಕೃತ ಕೇಳಿ ಬೆರಗಾದರು. ‘ಪಂಡಿತಾ’, ‘ಸರಸ್ವತಿ’ ಎಂಬ ಬಿರುದು ಬಂತು. ಪಠ್ಯದಲ್ಲಿ ಇರುವ ಕಾರಣಗಳೆಲ್ಲ ಈಗ ಒಟ್ಟಿಗೆ ಕೆಲಸ ಮಾಡುವುದನ್ನು ನೋಡಬಹುದು. ಸಭೆಗಳಿದ್ದವು, ಪತ್ರಿಕೆಗಳಿದ್ದವು, ಸಂಘಗಳಿದ್ದವು. ಬ್ರಹ್ಮ ಸಮಾಜದ ಕೇಶವಚಂದ್ರ ಸೇನರು ಅವರ ಕೈಗೆ ವೇದದ ಪ್ರತಿ ಕೊಟ್ಟು ಓದಲು ಹೇಳಿದರು. ಅಪ್ಪ ಮುಟ್ಟಗೊಡದ ಗ್ರಂಥ ಅದು. 1872ರ ವಿವಾಹ ಕಾಯ್ದೆ ಇತ್ತು. ಹಾಗಾಗಿ 1880ರಲ್ಲಿ ಬೇರೆ ಜಾತಿಯ ಬಂಗಾಳಿ ವಕೀಲ ಬಿಪಿನ್ ಬಿಹಾರಿ ಅವರನ್ನು ರಿಜಿಸ್ಟರ್ ಮದುವೆ ಆಗಲು ಸಾಧ್ಯವಾಯಿತು. ಎರಡೇ ವರ್ಷದಲ್ಲಿ ಗಂಡ ಕಾಲರಾದಿಂದ ತೀರಿಕೊಂಡರು. ಎಳೆ ಮಗಳನ್ನು ಎತ್ತಿಕೊಂಡು ಪುಣೆಗೆ ಬಂದು 1882ರಲ್ಲಿ ಆರ್ಯ ಮಹಿಳಾ ಸಮಾಜ ಕಟ್ಟಿದರು. ಅದೇ ವರ್ಷ ಹಂಟರ್ ಶಿಕ್ಷಣ ಆಯೋಗದ ಮುಂದೆ ಹೆಣ್ಣುಮಕ್ಕಳಿಗೆ ಹೆಂಗಸರೇ ಶಿಕ್ಷಕಿಯರಾಗಬೇಕು, ಹೆಂಗಸರು ವೈದ್ಯೆಯರಾಗಬೇಕು ಎಂದು ಹೇಳಿಕೆ ಕೊಟ್ಟರು. 1889ರಲ್ಲಿ ಮುಂಬೈಯಲ್ಲಿ ವಿಧವೆಯರಿಗಾಗಿ ಶಾರದಾ ಸದನ ತೆರೆದರು.

ಅವರು 1883ರಲ್ಲಿ ಇಂಗ್ಲೆಂಡಿನಲ್ಲಿ ಕ್ರೈಸ್ತ ಧರ್ಮ ಸೇರಿದ ವಿಷಯವನ್ನು ನಮ್ಮಲ್ಲಿ ಕೆಲವರು ಹೇಳದೆ ದಾಟಿಸುತ್ತಾರೆ, ಕೆಲವರು ಅದೊಂದನ್ನೇ ಹೇಳುತ್ತಾರೆ. ನಾನು ಮಕ್ಕಳಿಗೆ ನೇರವಾಗಿ ಹೇಳಿದೆ. ಕೋಲ್ಕತ್ತದಲ್ಲಿ ಧರ್ಮಶಾಸ್ತ್ರ ಓದುತ್ತಾ ಹೋದಾಗ ಹೆಂಗಸರ ಬಗ್ಗೆ ಅಲ್ಲಿರುವ ಮಾತುಗಳು ಅವರನ್ನು ಆಳವಾಗಿ ನೋಯಿಸಿದವು. ಅಪ್ಪನಿಗೆ ಶಾಸ್ತ್ರದಲ್ಲಿ ಬಾಗಿಲು ಸಿಕ್ಕಿತ್ತು, ಮಗಳಿಗೆ ಗೋಡೆ ಎದುರಾಯಿತು. ಒಳಗೆ ಇದ್ದುಕೊಂಡೇ ತಿದ್ದುತ್ತೇವೆ ಎಂದ ರಾನಡೆ, ಭಂಡಾರ್ಕರ್ ಅವರಂಥ ಹಿರಿಯರು ಮೊದಲು ಸದನಕ್ಕೆ ಬೆಂಬಲವಾಗಿ ನಿಂತು, ಧರ್ಮದ ಪ್ರಶ್ನೆ ಎದ್ದಾಗ 1893ರಲ್ಲಿ ಕೈ ಬಿಟ್ಟರು. ಎರಡೂ ಕಡೆಯ ನೋವು ನನಗೆ ಅರ್ಥವಾಗುತ್ತದೆ. ಆದರೆ ಆ ಸದನದಲ್ಲಿ ಓದುತ್ತಿದ್ದ ಎಳೆಯ ವಿಧವೆಯರಿಗೆ ಬೇರೆ ಜಾಗ ಎಷ್ಟು ಇತ್ತು ಎಂದು ಕೇಳಿದರೆ ನನ್ನ ಮನಸ್ಸು ರಮಾಬಾಯಿಯವರ ಕಡೆಗೇ ವಾಲುತ್ತದೆ.

ಈ ನಡುವೆ ನಮ್ಮ ಮೈಸೂರು ಸಂಸ್ಥಾನದಲ್ಲೂ ಗಾಳಿ ಬದಲಾಗಿತ್ತು. 1881ರಲ್ಲಿ ಮೈಸೂರಿನಲ್ಲಿ ಹೆಣ್ಣುಮಕ್ಕಳಿಗೆ ಮಹಾರಾಣಿ ಶಾಲೆ ಶುರುವಾಯಿತು. 1894ರಲ್ಲಿ ಸಂಸ್ಥಾನ ಬಾಲ್ಯವಿವಾಹದ ವಿರುದ್ಧ ಕಾನೂನು ಮಾಡಿತು. ಎಂಟು ವರ್ಷಕ್ಕಿಂತ ಚಿಕ್ಕ ಹುಡುಗಿಗೆ ಮದುವೆ ಮಾಡುವಂತಿಲ್ಲ, ಐವತ್ತು ದಾಟಿದವರು ಹದಿನಾಲ್ಕರ ಒಳಗಿನ ಹುಡುಗಿಯನ್ನು ಮದುವೆ ಆಗುವಂತಿಲ್ಲ. ಆ ಕಾಲಕ್ಕೆ ಅದು ದೊಡ್ಡ ಹೆಜ್ಜೆ. ಆದರೆ ಒಂಬತ್ತು ವರ್ಷದ ಲಕ್ಷ್ಮೀಬಾಯಿಯನ್ನು ಆ ಎಂಟರ ಗೆರೆ ಕಾಪಾಡುತ್ತಿರಲಿಲ್ಲ. ಇದನ್ನು ಹೇಳಿದಾಗ ಹಿಂದಿನ ಬೆಂಚಿನ ಹುಡುಗನೊಬ್ಬ ಬೆರಳು ಮಡಚಿ ಎಣಿಸಿ “ಒಂದೇ ವರ್ಷಕ್ಕೆ ತಪ್ಪಿಹೋಗ್ತಿತ್ತು ಮೇಡಂ” ಎಂದ.

ಕ್ಲಾಸಿಗೆ ಮರಳಿ

ಈಗ ನಾನು ಪಠ್ಯದ ಆ ಕಾರಣಗಳನ್ನು ಬರೆಸುತ್ತೇನೆ, ಪರೀಕ್ಷೆಗೆ ಅದು ಬೇಕು. ಅದಕ್ಕೆ ಮೊದಲು ಗಂಗಾಮೂಲದ ಮನೆಯ ಕಥೆ ಹೇಳುತ್ತೇನೆ. ಆಮೇಲೆ ಒಂದು ಮನೆಗೆಲಸ ಕೊಡುತ್ತೇನೆ. ನಿಮ್ಮ ಮನೆಯಲ್ಲಿ ಓದು ಬರಹ ಕಲಿತ ಮೊದಲ ಹೆಂಗಸು ಯಾರು? ಅವರಿಗೆ ಕಲಿಸಿದವರು ಯಾರು? ಬೇಡ ಎಂದವರು ಯಾರು?

ಮಕ್ಕಳು ತಂದ ಉತ್ತರಗಳು ಚೆನ್ನಾಗಿದ್ದವು. ಒಬ್ಬನ ಅಜ್ಜಿ ಸಾಕ್ಷರತಾ ಆಂದೋಲನದ ರಾತ್ರಿ ಶಾಲೆಯಲ್ಲಿ ಲಾಟೀನಿನ ಬೆಳಕಿಗೆ ಕಲಿತಿದ್ದರು. ಬೇಡ ಎಂದವರು ಅತ್ತೆ. ಇನ್ನೊಬ್ಬಳ ಅಮ್ಮ ಸ್ತ್ರೀಶಕ್ತಿ ಸಂಘದ ಪುಸ್ತಕಕ್ಕೆ ಹೆಬ್ಬೆಟ್ಟು ಒತ್ತಲು ನಾಚಿ, ದೊಡ್ಡ ಮಗನ ಹತ್ತಿರ ಸಹಿ ಹಾಕುವುದನ್ನು ಕಲಿತಿದ್ದರು.

ಎಸ್ಟೇಟಿನ ಲೈನ್ ಮನೆಯಿಂದ ಬರುವ ಒಬ್ಬಳು ಮೊದಲ ಪ್ರಶ್ನೆಯ ಮುಂದೆ ತನ್ನ ಹೆಸರನ್ನೇ ಬರೆದಿದ್ದಳು. ಎರಡನೆಯದರ ಮುಂದೆ ನಮ್ಮ ಶಾಲೆಯ ಹೆಸರು. ಮೂರನೆಯದರ ಮುಂದೆ ‘ಯಾರೂ ಇಲ್ಲ’ ಎಂದು ಬರೆದು, ಕೆಳಗೆ ಒಂದು ಸಾಲು ಸೇರಿಸಿದ್ದಳು: ‘ಅಮ್ಮನಿಗೆ ಈಗ ನಾನು ಹೇಳಿಕೊಡುತ್ತಿದ್ದೇನೆ. ಕಾಗುಣಿತದವರೆಗೆ ಬಂದಿದ್ದಾರೆ.’